ತಾರಸಿಯ ಮೇಲೆ ಎರಡು ಟನ್: ಒಂದು ಮನೆಯ ಹಾಟ್ ಟಬ್ ಪ್ರಕರಣ

ಕಟ್ಟಡಗಳ ಭಾರ ಲೆಕ್ಕ ಹಾಕುವುದು ನನ್ನ ವೃತ್ತಿ. ಮನೆಗೆ ಹಾಟ್ ಟಬ್, ಅಂದರೆ ಹಲವರು ಒಟ್ಟಿಗೆ ಕೂರುವ, ನೀರು ಸದಾ ತುಂಬಿಯೇ ಇರುವ ಬಿಸಿನೀರಿನ ತೊಟ್ಟಿ, ತರಿಸಲು ಹೊರಟಿದ್ದ ಒಂದು ಕುಟುಂಬ ನನ್ನನ್ನು ಕರೆದದ್ದು ಒಂದೇ ಒಂದು ಪ್ರಶ್ನೆ ಕೇಳಲು: ನಮ್ಮ ತಾರಸಿ ತಡೆಯುತ್ತದೆಯೇ? ಆ ಪ್ರಶ್ನೆಗೆ ಅರ್ಧ ಗಂಟೆಯಲ್ಲಿ ಉತ್ತರ ಸಿಕ್ಕಿತು. ಆದರೆ ಯಾರೂ ಕೇಳದೇ ಬಿಟ್ಟಿದ್ದ ಪ್ರಶ್ನೆಗಳು ಮುಂದಿನ ಎರಡು ವರ್ಷ ಒಂದೊಂದಾಗಿ ಎದ್ದು ಬಂದವು. ಅವುಗಳಲ್ಲಿ ಒಂದನ್ನು ನಾನೇ ಕೇಳಬೇಕಿತ್ತು, ಕೇಳಲಿಲ್ಲ. ಕುಟುಂಬದವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಗುರುತು ಹತ್ತುವಂಥ ವಿವರಗಳನ್ನು ಕೈಬಿಟ್ಟಿದ್ದೇನೆ.

ಹಿನ್ನೆಲೆ

ಮನೆಯಲ್ಲಿ ಐದು ಜನ. ನಲವತ್ತು ದಾಟಿದ ದಂಪತಿ, ಹದಿನಾಲ್ಕರ ಮಗಳು, ಒಂಬತ್ತರ ಮಗ, ಎಪ್ಪತ್ತು ಮೀರಿದ ಅಜ್ಜಿ. ಅಜ್ಜಿಗೆ ಎರಡೂ ಮಂಡಿಗಳಲ್ಲಿ ಸಂಧಿವಾತ. ಬೆಚ್ಚಗಿನ ನೀರಿನಲ್ಲಿ ಕುಳಿತರೆ ಬಿಗಿದ ಕೀಲು ಸಡಿಲವಾಗುತ್ತದೆ, ನೀರು ದೇಹವನ್ನು ಎತ್ತಿ ಹಿಡಿಯುವುದರಿಂದ ಮಂಡಿಯ ಮೇಲಿನ ಹೊರೆ ಇಳಿಯುತ್ತದೆ ಎಂಬುದು ನಿಜವೇ. ಟಬ್ಬಿನ ಯೋಚನೆ ಹುಟ್ಟಿದ್ದು ಅಲ್ಲಿಂದ. ಆದರೆ ಮಾತು ಬೆಳೆಯುತ್ತ ಹೋದಂತೆ ಮಕ್ಕಳ ಆಸೆ ಸೇರಿತು, ನೆಂಟರು ಬಂದಾಗ ಎಲ್ಲರೂ ಒಟ್ಟಿಗೆ ಕೂರಬಹುದೆಂಬ ಆಸೆ ಸೇರಿತು, ತಾರಸಿಯಿಂದ ಕಾಣುವ ಆಕಾಶವೂ ಸೇರಿತು. ನಾನು ಹೋಗುವ ಹೊತ್ತಿಗೆ ಆರು ಜನ ಕೂರುವ ದೊಡ್ಡ ಟಬ್ಬನ್ನು ಆರಿಸಿ, ಮುಂಗಡವನ್ನೂ ಕೊಟ್ಟಾಗಿತ್ತು. ರಿಯಾಯಿತಿ ತಿಂಗಳ ಕೊನೆಯವರೆಗೆ ಮಾತ್ರ ಎಂದು ಮಾರಾಟಗಾರರು ಹೇಳಿದ್ದರು. ಉಳಿದಿದ್ದದ್ದು ಒಂಬತ್ತು ದಿನ.

ಮೊದಲ ತಿರುವು: ಭಾರ

ಕರಪತ್ರದಲ್ಲಿ ಟಬ್ಬಿನ ತೂಕ 350 ಕಿಲೋ ಎಂದಿತ್ತು. ಮನೆಯೊಡತಿ ಅದನ್ನೇ ಮನಸ್ಸಿನಲ್ಲಿಟ್ಟುಕೊಂಡಿದ್ದರು. "ಐದಾರು ಜನ ನಿಂತಷ್ಟೇ ಭಾರ ಅಲ್ಲವೇ?" ಎಂದು ಕೇಳಿದರು. ಅದು ಖಾಲಿ ಟಬ್ಬಿನ ತೂಕ. ಒಂದು ಲೀಟರ್ ನೀರು ಒಂದು ಕಿಲೋ ತೂಗುತ್ತದೆ, ಅದರಲ್ಲಿ ಹಿಡಿಸುವ ನೀರು 1,400 ಲೀಟರ್. ತಲಾ 70 ಕಿಲೋದ ಆರು ಜನ ಕೂತರೆ ಇನ್ನೊಂದು 420. ಒಟ್ಟು 2,170 ಕಿಲೋ. ಟಬ್ಬಿನ ತಳ 2.2 ಮೀಟರ್ ಚೌಕ. ಅಂದರೆ ಚದರ ಮೀಟರಿಗೆ ಸುಮಾರು 450 ಕಿಲೋ. ಅವರ ತಾರಸಿಯ ನಕ್ಷೆಯಲ್ಲಿ ಜನ ಓಡಾಡುವ ಭಾರವೆಂದು ಹಿಡಿದಿದ್ದದ್ದು ಚದರ ಮೀಟರಿಗೆ 150 ಕಿಲೋ.

ಮೂರು ಪಟ್ಟು ಎಂದ ಮಾತ್ರಕ್ಕೆ ತಾರಸಿ ಮರುದಿನವೇ ಕುಸಿಯುತ್ತದೆ ಎಂದಲ್ಲ. ಕಟ್ಟುವಾಗ ಸುರಕ್ಷತೆಗೆಂದು ಒಂದಿಷ್ಟು ಹೆಚ್ಚುವರಿ ಬಲ ಇಟ್ಟೇ ಇರುತ್ತಾರೆ. ನನ್ನ ಆತಂಕ ಬೇರೆಯದಾಗಿತ್ತು. ಹಬ್ಬದ ದಿನ ತಾರಸಿಯಲ್ಲಿ ಸೇರುವ ಜನ ಸಂಜೆಗೆ ಇಳಿದು ಹೋಗುತ್ತಾರೆ. ತುಂಬಿದ ಟಬ್ ರಾತ್ರಿಯೂ ಅಲ್ಲೇ, ಮಳೆಗಾಲದಲ್ಲೂ ಅಲ್ಲೇ, ಹತ್ತು ವರ್ಷವೂ ಅಲ್ಲೇ ಕೂತಿರುತ್ತದೆ. ನಿಂತ ಭಾರಕ್ಕೆ ಕಾಂಕ್ರೀಟು ನಿಧಾನವಾಗಿ ಬಾಗುತ್ತ ಹೋಗುತ್ತದೆ, ಸಣ್ಣ ಬಿರುಕುಗಳು ಬಾಯಿ ಬಿಡುತ್ತವೆ, ಆ ಬಿರುಕಿಗೆ ನೀರು ಇಳಿಯುತ್ತದೆ, ಒಳಗಿನ ಕಬ್ಬಿಣ ತುಕ್ಕು ಹಿಡಿಯುತ್ತದೆ. ಆ ತಾರಸಿಯ ಕೆಳಗೆ ಇದ್ದದ್ದು ಮಕ್ಕಳು ಮಲಗುವ ಕೋಣೆ.

ಕೆಳಗಿನಿಂದ ಉಕ್ಕಿನ ತೊಲೆ ಕೊಟ್ಟು ಬಲಪಡಿಸಬಹುದು ಎಂದು ಒಂದು ದಾರಿ ತೋರಿಸಿದೆ. ಅದಕ್ಕೆ ಮಕ್ಕಳ ಕೋಣೆಯ ನಡುವೆ ಕಂಬ ಬರಬೇಕಿತ್ತು. ಪತಿ ಒಂದು ಕ್ಷಣ ಸುಮ್ಮನಿದ್ದು, "ಹಾಗಾದರೆ ಕೆಳಗೇ ಇಡೋಣ" ಎಂದರು. ಆಕಾಶದ ಆಸೆ ಅಲ್ಲಿಗೆ ಮುಗಿಯಿತು. ಮಗಳು ಬೇಸರದಿಂದ ಎದ್ದು ಹೋದದ್ದು ನನಗೆ ಇನ್ನೂ ನೆನಪಿದೆ.

ಎರಡನೆಯ ತಿರುವು: ಅಜ್ಜಿಯ ಕಾಲು

ಈ ಪ್ರಕರಣದಲ್ಲಿ ಅತಿ ಮುಖ್ಯವಾದ ಗಳಿಗೆ ಇದೇ ಎಂದು ನನಗೆ ಅನಿಸುತ್ತದೆ. ಟಬ್ಬನ್ನು ಯಾರಿಗಾಗಿ ತರುವ ಮಾತು ಎದ್ದಿತೋ ಅವರನ್ನೇ ಯಾರೂ ಮಳಿಗೆಗೆ ಕರೆದುಕೊಂಡು ಹೋಗಿರಲಿಲ್ಲ. ನೀರು ತುಂಬಿದ ಟಬ್ಬಿನಲ್ಲಿ ಮನೆಮಂದಿಯೆಲ್ಲ ಒಮ್ಮೆ ಕೂತು ನೋಡಿದ ಮೇಲೆ ಉಳಿದ ಹಣ ಕೊಡಿ ಎಂದು ಹೇಳಿದೆ. ಮಾರಾಟಗಾರರು ಅದಕ್ಕೆ ಒಪ್ಪಿದರು. ಮನೆಯವರ ಕರೆಯ ಮೇರೆಗೆ ನಾನೂ ಹೋಗಿದ್ದೆ.

ಟಬ್ಬಿನ ಅಂಚು ನೆಲದಿಂದ 95 ಸೆಂಟಿಮೀಟರ್ ಎತ್ತರ. ಪಕ್ಕದಲ್ಲಿ ಎರಡು ಮೆಟ್ಟಿಲಿನ ಪ್ಲಾಸ್ಟಿಕ್ ಏಣಿ. ಅಜ್ಜಿ ಮೊದಲ ಮೆಟ್ಟಿಲು ಹತ್ತಿದರು, ಎರಡನೆಯದನ್ನೂ ಹತ್ತಿದರು. ಬಲಗೈಯಲ್ಲಿ ಸೊಸೆಯ ಭುಜ ಹಿಡಿದು ಎಡಗಾಲು ಎತ್ತಿದರು. ಮಂಡಿ ಬೇಕಾದಷ್ಟು ಮಡಚಲಿಲ್ಲ, ಪಾದ ಅಂಚಿಗೆ ತಾಗಿ ನಿಂತಿತು. ಮತ್ತೊಮ್ಮೆ ಎತ್ತಿದರು, ಮತ್ತೆ ತಾಗಿತು. ಕೆಳಗಿಳಿದು ಸೀರೆಯ ನೆರಿಗೆ ಸರಿಮಾಡಿಕೊಳ್ಳುತ್ತ, "ನೀವು ಕೂತುಕೊಳ್ಳಿ, ನಾನು ಇಲ್ಲೇ ಕುರ್ಚಿ ಹಾಕಿಕೊಂಡು ನೋಡುತ್ತೇನೆ" ಎಂದರು. ಸೊಸೆಯ ಕಣ್ಣು ತುಂಬಿ ಬಂತು.

ಅದೇ ದಿನ ಇನ್ನೊಂದು ವಿಷಯವೂ ಗೊತ್ತಾಯಿತು. ಕಾಲು ಚಾಚಿ ಒರಗುವ ಆಸನವೇ ಆ ಟಬ್ಬಿನ ಆಕರ್ಷಣೆ. ಮನೆಯೊಡತಿ ಕುಳ್ಳಗಿದ್ದಾರೆ. ಅವರ ಪಾದ ಎದುರಿನ ಗೋಡೆಗೆ ಎಟುಕದೆ, ನೀರನ್ನು ರಭಸದಿಂದ ಚಿಮ್ಮಿಸುವ ಜೆಟ್ ಹಾಕಿದ ಕೂಡಲೇ ದೇಹ ತೇಲಿ ಮೇಲೆ ಬರುತ್ತಿತ್ತು. ಪತಿಗೆ ಅದೇ ಆಸನ ಹೇಳಿ ಮಾಡಿಸಿದಂತಿತ್ತು. ಚಿತ್ರ ನೋಡಿ ಇದನ್ನು ತಿಳಿಯುವುದು ಸಾಧ್ಯವೇ ಇಲ್ಲ.

ಮರುದಿನ ಅಜ್ಜಿಯ ವೈದ್ಯರನ್ನು ಕಂಡರು. ಅಜ್ಜಿ ರಕ್ತದೊತ್ತಡಕ್ಕೆ ಮಾತ್ರೆ ತೆಗೆದುಕೊಳ್ಳುತ್ತಿದ್ದರು. ಬಿಸಿನೀರಿನಲ್ಲಿ ರಕ್ತನಾಳಗಳು ಹಿಗ್ಗಿ ಒತ್ತಡ ತಾನಾಗಿ ಇಳಿಯುತ್ತದೆ. ಮಾತ್ರೆಯೂ ಇಳಿಸಿರುತ್ತದೆ. ಥಟ್ಟನೆ ಎದ್ದರೆ ತಲೆ ಸುತ್ತಿ ಬೀಳುವ ಅಪಾಯವಿದೆ. ವೈದ್ಯರು ಬೇಡ ಎನ್ನಲಿಲ್ಲ, ಷರತ್ತು ಹಾಕಿದರು: ನೀರು 37 ಡಿಗ್ರಿ ಮೀರಬಾರದು, ಹತ್ತು ನಿಮಿಷ ಸಾಕು, ಜೊತೆಯಲ್ಲಿ ಒಬ್ಬರು ಇರಲೇಬೇಕು. ಹಾಟ್ ಟಬ್ಬಿಗೆ 40 ಡಿಗ್ರಿಯೇ ಗರಿಷ್ಠ ಮಿತಿ, ಅದೂ ಆರೋಗ್ಯವಂತ ವಯಸ್ಕರಿಗೆ. ಗರ್ಭಿಣಿಯರು, ಹೃದ್ರೋಗಿಗಳು, ಮಧುಮೇಹಿಗಳು ವೈದ್ಯರನ್ನು ಕೇಳದೆ ಇಳಿಯಬಾರದು. ಐದು ವರ್ಷದೊಳಗಿನ ಮಕ್ಕಳನ್ನು ಇಳಿಸಲೇಬಾರದು. ಮದ್ಯ ಕುಡಿದು ಯಾರೂ ಇಳಿಯಬಾರದು.

ಆ ವಾರ ಕುಟುಂಬ ಮುಂಗಡದ ಒಂದು ಭಾಗವನ್ನು ಕಳೆದುಕೊಂಡು ದೊಡ್ಡ ಟಬ್ಬನ್ನು ಬಿಟ್ಟಿತು. ಆರಿಸಿದ್ದು 900 ಲೀಟರಿನ, ನಾಲ್ಕು ಜನರ, 75 ಸೆಂಟಿಮೀಟರ್ ಎತ್ತರದ ಟಬ್. ರಿಯಾಯಿತಿಯ ಗಡುವು ಮೀರಿ ಹೋಗಿತ್ತು. ಆ ನಷ್ಟವನ್ನು ಅವರು ನುಂಗಿಕೊಂಡದ್ದನ್ನು ನಾನು ಈ ಪ್ರಕರಣದ ಒಳ್ಳೆಯ ನಿರ್ಧಾರಗಳಲ್ಲಿ ಮೊದಲನೆಯದು ಎನ್ನುತ್ತೇನೆ.

ಜಾಗ, ದಾರಿ, ವಿದ್ಯುತ್ತು

ಹಿತ್ತಿಲ ಬಾಗಿಲಿನಿಂದ ನಾಲ್ಕು ಹೆಜ್ಜೆ ದೂರದಲ್ಲಿ ಜಾಗ ಗೊತ್ತುಮಾಡಿದೆವು. ಹಿತ್ತಿಲ ಕೊನೆಯ ಮರದಡಿ ಚೆನ್ನಾಗಿ ಕಾಣುತ್ತದೆ ಎಂದು ಪತಿ ಹೇಳಿದರು. ಒದ್ದೆ ಮೈಯಲ್ಲಿ ಚಳಿಗೆ ಅಷ್ಟು ದೂರ ನಡೆಯುವ ಉತ್ಸಾಹ ಎಷ್ಟು ದಿನ ಇರುತ್ತದೆ ಎಂದು ಕೇಳಿದೆ. ಎಲೆ, ಹೂವು, ಹಕ್ಕಿಯ ಹಿಕ್ಕೆ ನೀರಿಗೆ ಬೀಳುವ ತೊಂದರೆ ಬೇರೆ. ನೆಲವನ್ನು ಗಟ್ಟಿಯಾಗಿ ದಮ್ಮಸು ಮಾಡಿ, ಕಬ್ಬಿಣದ ಜಾಲರಿ ಇಟ್ಟು ಹತ್ತು ಸೆಂಟಿಮೀಟರ್ ದಪ್ಪದ ಕಾಂಕ್ರೀಟು ಹಾಕಿಸಿ, ರಸಮಟ್ಟ ಇಟ್ಟು ನೋಡಿದೆವು. ಒಂದು ಮೂಲೆ ಕುಸಿದರೂ ಟಬ್ಬಿನ ಮೈ ತಿರುಚಿಕೊಂಡು ಬಿರುಕು ಬಿಡುತ್ತದೆ.

ಅಜ್ಜಿಗಾಗಿ ಟಬ್ಬನ್ನು ಅರ್ಧ ನೆಲದೊಳಗೆ ಇಳಿಸೋಣ ಎಂಬ ಸಲಹೆ ಬಂತು. ನಾನು ಬೇಡವೆಂದೆ. ಪಂಪ್, ಹೀಟರ್ ಇರುವ ಬದಿಯಲ್ಲಿ ರಿಪೇರಿಯವರು ಕೂರಲು ಅರವತ್ತು ಸೆಂಟಿಮೀಟರಾದರೂ ಜಾಗ ಬೇಕು. ಗುಂಡಿಗೆ ಇಳಿದ ಮಳೆನೀರು ಹೊರಹೋಗಲು ದಾರಿಯೂ ಬೇಕು. ಅದರ ಬದಲು ಟಬ್ಬಿನ ಅಂಚಿನಷ್ಟೇ ಎತ್ತರದ ಒಂದು ಕಟ್ಟೆ ಕಟ್ಟಿಸಿ, ಅದಕ್ಕೆ ಗಿಡ್ಡ ಮೆಟ್ಟಿಲುಗಳನ್ನೂ ಕೈಹಿಡಿಯನ್ನೂ ಕೊಟ್ಟೆವು. ಅಜ್ಜಿ ಕಟ್ಟೆಯ ಮೇಲೆ ಕುಳಿತು, ಪಕ್ಕಕ್ಕೆ ತಿರುಗಿ, ಒಂದೊಂದೇ ಕಾಲನ್ನು ಕೈಯಿಂದ ಎತ್ತಿ ಒಳಗೆ ಬಿಡುತ್ತಾರೆ. ಈ ಮನೆಯಲ್ಲಿ ನಾನು ಮಾಡಿದ ಕೆಲಸಗಳಲ್ಲಿ ನನಗೆ ಹೆಚ್ಚು ತೃಪ್ತಿ ಕೊಟ್ಟದ್ದು ಆ ಕಟ್ಟೆ.

ಟಬ್ಬನ್ನು ಪಕ್ಕಕ್ಕೆ ಮಗುಚಿ, ನಿಲ್ಲಿಸಿ ತಳ್ಳಿಕೊಂಡು ಬರುತ್ತಾರೆ. ಮನೆಯ ಪಕ್ಕದ ಓಣಿ ಒಂದು ಮೀಟರ್ ಹತ್ತು ಸೆಂಟಿಮೀಟರ್ ಅಗಲವಿತ್ತು. ಆದರೆ ಗೋಡೆಯಿಂದ ಹೊರಚಾಚಿದ ಮೀಟರ್ ಪೆಟ್ಟಿಗೆ ಇಪ್ಪತ್ತು ಸೆಂಟಿಮೀಟರ್ ನುಂಗಿತ್ತು. ಹಳೆಯ ಆಯ್ಕೆಯ 95 ಸೆಂಟಿಮೀಟರಿನ ಟಬ್ ಆ ಓಣಿಯಲ್ಲೇ ಸಿಕ್ಕಿಕೊಳ್ಳುತ್ತಿತ್ತು. ವಿದ್ಯುತ್ ಫಲಕದಿಂದ ಟಬ್ಬಿಗೆಂದೇ ಪ್ರತ್ಯೇಕ ತಂತಿ, ಸರಿಯಾದ ಅರ್ಥಿಂಗ್, ಸೋರಿಕೆಯಾದ ಕ್ಷಣ ವಿದ್ಯುತ್ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ, ನೀರಿನಲ್ಲಿ ಕೂತವರ ಕೈಗೆ ಎಟುಕದಷ್ಟು ದೂರದಲ್ಲಿ ಒಂದು ಸ್ವಿಚ್. ಇದರಲ್ಲಿ ರಾಜಿಯಿಲ್ಲ.

ಏನಾಯಿತು

ಮೊದಲ ನಾಲ್ಕು ತಿಂಗಳು ಎಲ್ಲವೂ ಚೆನ್ನಾಗಿತ್ತು. ಅಜ್ಜಿ ಬೆಳಿಗ್ಗೆ ಹತ್ತು ನಿಮಿಷ, ದಂಪತಿ ರಾತ್ರಿ ಇಪ್ಪತ್ತು ನಿಮಿಷ. ವಾರಕ್ಕೆ ಎರಡು ಬಾರಿ ಮನೆಯೊಡತಿ ನೀರಿಗೆ ಪರೀಕ್ಷಾ ಪಟ್ಟಿ ಅದ್ದಿ ನೋಡುತ್ತಿದ್ದರು. ಆಮೇಲೆ ಅವರ ಕೆಲಸದ ಸಮಯ ಬದಲಾಯಿತು, ಊರಿಂದೂರಿಗೆ ಪ್ರಯಾಣ ಹೆಚ್ಚಿತು. ಪಟ್ಟಿ ಅದ್ದುವ ಕೆಲಸ ಯಾರಿಗೂ ಸೇರದ ಕೆಲಸವಾಯಿತು.

ಅದೇ ಸಮಯದಲ್ಲಿ ವಿದ್ಯುತ್ ಬಿಲ್ ಕಂಡು ಪತಿ ಒಂದು ಉಪಾಯ ಮಾಡಿದರು. ಅಜ್ಜಿ ಕೆಲವು ವಾರ ಮಗಳ ಮನೆಗೆ ಹೋಗಿದ್ದರು. ಭಾನುವಾರ ರಾತ್ರಿ ಟಬ್ಬಿನ ಮುಖ್ಯ ಸ್ವಿಚ್ ಆರಿಸುವುದು, ಶುಕ್ರವಾರ ರಾತ್ರಿ ಹಾಕುವುದು. ನೋಡಲು ಜಾಣತನವೇ. ಆದರೆ ಮುಖ್ಯ ಸ್ವಿಚ್ ಆರಿಸಿದರೆ ಹೀಟರಿನ ಜೊತೆ ಪಂಪೂ ಫಿಲ್ಟರೂ ನಿಲ್ಲುತ್ತವೆ. 38 ಡಿಗ್ರಿ ಇದ್ದ ನೀರು ಐದು ದಿನಗಳಲ್ಲಿ ಮೆಲ್ಲನೆ 29ಕ್ಕೆ ಇಳಿಯುತ್ತಿತ್ತು. ನಿಂತ, ಉಗುರುಬೆಚ್ಚಗಿನ, ಕ್ಲೋರಿನ್ ಮುಗಿದುಹೋದ ನೀರು. ರೋಗಾಣುಗಳಿಗೆ ಇದಕ್ಕಿಂತ ಒಳ್ಳೆಯ ಮನೆ ಬೇಕಿಲ್ಲ.

ಹೀಗೆ ಐದನೆಯ ವಾರ. ಶನಿವಾರ ನೆಂಟರ ಮಕ್ಕಳು ಬಂದರು. ಸಂಜೆಯಿಡೀ ಸರದಿಯ ಮೇಲೆ ಏಳು ಮಂದಿ ಇಳಿದರು. ಇಳಿಯುವ ಮುಂಚೆ ಯಾರೂ ಸ್ನಾನ ಮಾಡಿರಲಿಲ್ಲ. ನೀರು ಸ್ವಲ್ಪ ಮಸುಕಾಗಿದೆ ಎಂದು ಪತಿ ಒಂದು ಹಿಡಿ ಕ್ಲೋರಿನ್ ಪುಡಿ ಹೆಚ್ಚಿಗೆ ಸುರಿದರು. ಘಾಟು ಮೂಗಿಗೆ ಹೊಡೆಯುತ್ತಿದ್ದುದರಿಂದ ನೀರು ಶುದ್ಧವಾಗಿದೆ ಎಂದುಕೊಂಡರು. ಸೋಮವಾರ ಮಗಳ ಮೈಮೇಲೆ, ಈಜುಡುಗೆ ಬಿಗಿಯಾಗಿ ಕೂತಿದ್ದ ಕಡೆಗಳಲ್ಲೆಲ್ಲ, ಕೆಂಪು ಗುಳ್ಳೆಗಳು ಎದ್ದವು. ಮಂಗಳವಾರ ನೆಂಟರ ಮನೆಯಿಂದ ಫೋನ್ ಬಂತು. ಅಲ್ಲೂ ಇಬ್ಬರು ಮಕ್ಕಳಿಗೆ ಹಾಗೇ ಆಗಿತ್ತು. ಸ್ಯೂಡೊಮೊನಾಸ್ ಎಂಬ ಬ್ಯಾಕ್ಟೀರಿಯಾ ರೋಮದ ಬುಡಕ್ಕೆ ಸೇರಿ ಆಗುವ ಸೋಂಕು ಎಂದು ಚರ್ಮವೈದ್ಯರು ಹೇಳಿದರು. ಹಾಟ್ ಟಬ್ ಎಂಬ ಹೆಸರೇ ಅಂಟಿಕೊಂಡಿರುವಷ್ಟು ಪರಿಚಿತವಾದ ಗುಳ್ಳೆಗಳು ಅವು. ಒಂದು ವಾರದಲ್ಲಿ ತಾನಾಗಿ ವಾಸಿಯಾದವು.

ಮನೆಯೊಡತಿ ನನಗೆ ಫೋನ್ ಮಾಡಿದರು. ಗುಳ್ಳೆಗಿಂತ ನನ್ನನ್ನು ಹೆಚ್ಚು ಹೆದರಿಸಿದ್ದು ಬೇರೆ ವಿಷಯ. 1976ರಲ್ಲಿ ಫಿಲಡೆಲ್ಫಿಯಾದ ಒಂದು ಹೋಟೆಲಿನಲ್ಲಿ ನಡೆದ ಸಮಾವೇಶದ ನಂತರ ಗುರುತಿಸಲಾದ ಲೀಜನೆಲ್ಲಾ ಎಂಬ ಬ್ಯಾಕ್ಟೀರಿಯಾ 25ರಿಂದ 45 ಡಿಗ್ರಿಯ ನೀರಿನಲ್ಲಿ ಹುಲುಸಾಗಿ ಬೆಳೆಯುತ್ತದೆ. ಜೆಟ್‌ಗಳು ಎಬ್ಬಿಸುವ ನವಿರು ಹನಿಗಳ ಜೊತೆ ಅದು ಶ್ವಾಸಕೋಶಕ್ಕೆ ಹೋಗಿ ನ್ಯುಮೋನಿಯಾ ತರಬಲ್ಲದು. ವಯಸ್ಸಾದವರಿಗೆ ಅಪಾಯ ಹೆಚ್ಚು. ಅಜ್ಜಿ ಆ ವಾರ ಊರಲ್ಲಿರಲಿಲ್ಲ. ಅದು ಅದೃಷ್ಟ ಮಾತ್ರ.

ನೀರನ್ನು ಪರೀಕ್ಷಿಸಿದಾಗ ಪಿಎಚ್, ಅಂದರೆ ನೀರಿನ ಆಮ್ಲ-ಕ್ಷಾರದ ಅಳತೆ, 8.2 ಬಂತು. ಅಲ್ಲಿನದು ಗಡಸು ನೀರು. ಜೆಟ್‌ಗಳು ಗಾಳಿ ಕಲಕಿದಷ್ಟೂ ನೀರಿನಲ್ಲಿರುವ ಇಂಗಾಲದ ಡೈಆಕ್ಸೈಡ್ ಹೊರಹೋಗಿ ಪಿಎಚ್ ಏರುತ್ತದೆ. 7.2ರಲ್ಲಿ ಕ್ಲೋರಿನ್ನಿನ ಸುಮಾರು ಮೂರರಲ್ಲಿ ಎರಡು ಭಾಗ ರೋಗಾಣು ಕೊಲ್ಲುವ ರೂಪದಲ್ಲಿರುತ್ತದೆ. 8.2ಕ್ಕೆ ಏರಿದರೆ ಐದರಲ್ಲಿ ಒಂದು ಭಾಗವೂ ಉಳಿಯುವುದಿಲ್ಲ. ಪತಿ ಎಷ್ಟು ಪುಡಿ ಸುರಿದರೂ ಕೆಲಸ ಮಾಡದೇ ಇದ್ದದ್ದು ಅದಕ್ಕೇ. ಆ ಘಾಟು ಕೂಡ ಶುದ್ಧಿಯ ವಾಸನೆಯಲ್ಲ. ಬೆವರು, ಮೈಕೊಳೆಯ ಜೊತೆ ಸೇರಿ ಕ್ಲೋರಿನ್ ದುಡಿದು ಸೋತುಹೋದಾಗ ಹುಟ್ಟುವ ಕ್ಲೋರಮೈನಿನ ವಾಸನೆ.

ನೀರನ್ನೆಲ್ಲ ಖಾಲಿ ಮಾಡುವುದೊಂದೇ ಉಳಿದ ದಾರಿ. ಮೊದಲು ಕೊಳವೆಗಳನ್ನು ತೊಳೆಯುವ ರಾಸಾಯನಿಕ ಹಾಕಿ ಜೆಟ್ ಓಡಿಸಿದಾಗ ಬೂದು ಬಣ್ಣದ ಲೋಳೆ ಚೂರುಚೂರಾಗಿ ಮೇಲೆ ಬಂದು ನೊರೆಯ ಮೇಲೆ ತೇಲಿತು. ಕೊಳವೆಯ ಒಳಮೈಗೆ ಅಂಟಿ ಬೆಳೆದಿದ್ದ ಬ್ಯಾಕ್ಟೀರಿಯಾಗಳ ಪದರ ಅದು. ಪತಿ ಬಾಯಿಗೆ ಕೈ ಅಡ್ಡ ಹಿಡಿದು ನಿಂತುಬಿಟ್ಟರು. ಫಿಲ್ಟರ್ ಬದಲಾಯಿಸಿ, ತೊಳೆದು, ಮತ್ತೆ ತುಂಬಿ, ಒಂದು ಲೀಟರಿಗೆ 3 ಮಿಲಿಗ್ರಾಮಿಗಿಂತ ಕಡಿಮೆಯಾಗದಂತೆ ಕ್ಲೋರಿನ್, 7.2ರಿಂದ 7.8ರೊಳಗೆ ಪಿಎಚ್ ನಿಂತ ಮೇಲೆಯೇ ಮುಚ್ಚಳ ತೆಗೆದರು.

ಲೆಕ್ಕ ಹಾಕಿ ನೋಡಿದಾಗ

ಸ್ವಿಚ್ ಆರಿಸಿ ಎಷ್ಟು ಉಳಿದಿತ್ತು ಎಂದು ಪತಿಯೊಡನೆ ಕೂತು ಲೆಕ್ಕ ಹಾಕಿದೆ. ಸಾವಿರ ಲೀಟರ್ ನೀರನ್ನು ಒಂದು ಡಿಗ್ರಿ ಏರಿಸಲು ಸುಮಾರು 1.16 ಯೂನಿಟ್ ಬೇಕು. ಅವರ 900 ಲೀಟರಿಗೆ 1.05. ಹೊರಗೆ 20 ಡಿಗ್ರಿ ಇದ್ದ ದಿನಗಳಲ್ಲಿ ನೀರು ಆರಿದ ವೇಗ ನೋಡಿದರೆ, 38ರಲ್ಲೇ ಹಿಡಿದಿಡಲು ಐದು ದಿನಕ್ಕೆ ಸುಮಾರು 13 ಯೂನಿಟ್. ಆರಲು ಬಿಟ್ಟು ಮತ್ತೆ ಒಂಬತ್ತು ಡಿಗ್ರಿ ಏರಿಸಲು ಸುಮಾರು 9.4. ನೀರು ಕಾಯಿಸುವುದರಲ್ಲಿ ಉಳಿದದ್ದು ವಾರಕ್ಕೆ ನಾಲ್ಕು ಯೂನಿಟ್ಟಿಗೂ ಕಡಿಮೆ, ಪಂಪ್ ನಿಂತದ್ದರಿಂದ ಇನ್ನೊಂದಿಷ್ಟು.

ನಿಜವಾದ ಸೋರಿಕೆ ಮುಚ್ಚಳದಲ್ಲಿತ್ತು. ಅದನ್ನು ಟಬ್ಬಿಗೆ ಕಟ್ಟುವ ಪಟ್ಟಿಗಳನ್ನು ಬಿಗಿಯದೆ ಸುಮ್ಮನೆ ಹೊದಿಸಿಡುತ್ತಿದ್ದರು. ಬೆಳಗಿನ ಚಳಿಯಲ್ಲಿ ಅಂಚಿನಿಂದ ಹಬೆ ಏಳುವುದು ಕಣ್ಣಿಗೇ ಕಾಣುತ್ತಿತ್ತು. ಒಂದು ಲೀಟರ್ ನೀರು ಆವಿಯಾಗಿ ಹೋದರೆ ಅದರ ಜೊತೆ ಯೂನಿಟ್ಟಿನ ಮೂರನೇ ಎರಡು ಭಾಗ ಹೋದಂತೆ. ಪಟ್ಟಿ ಬಿಗಿದು, ನೀರಿನ ಮೇಲೆ ತೇಲುವ ಹೊದಿಕೆಯೊಂದನ್ನು ಹಾಸಿದರು. ಒಂಬತ್ತು ವರ್ಷದ ಮಗ ಇರುವ ಮನೆಯಲ್ಲಿ ಆ ಪಟ್ಟಿಗಳಿಗೆ ಬೀಗ ಮೊದಲ ದಿನದಿಂದಲೇ ಇರಬೇಕಿತ್ತು. ಈಗ ಬಂತು.

ಚಿಕ್ಕ ಟಬ್ ತೆಗೆದುಕೊಳ್ಳಿ ಎಂದ ನನ್ನ ಸಲಹೆಗೂ ಒಂದು ಬೆಲೆ ಇತ್ತು, ಅದನ್ನು ನಾನು ಹೇಳಿರಲಿಲ್ಲ. ನೀರು ಕಡಿಮೆಯಿದ್ದಷ್ಟೂ ಬೇಗ ಕೆಡುತ್ತದೆ. ಎಷ್ಟು ಲೀಟರೋ ಅದನ್ನು 11ರಿಂದ ಭಾಗಿಸಿ, ದಿನಕ್ಕೆ ಸರಾಸರಿ ಎಷ್ಟು ಜನ ಇಳಿಯುತ್ತಾರೋ ಅದರಿಂದ ಮತ್ತೆ ಭಾಗಿಸಿದರೆ ಎಷ್ಟು ದಿನಕ್ಕೊಮ್ಮೆ ನೀರು ಬದಲಿಸಬೇಕೆಂಬ ಅಂದಾಜು ಸಿಗುತ್ತದೆ. ಅವರಿಗೆ ಮೂವರ ಲೆಕ್ಕದಲ್ಲಿ ಇಪ್ಪತ್ತೇಳು ದಿನ. ಅವರು ಸುಮಾರು ಐದು ತಿಂಗಳು ಬದಲಿಸಿರಲಿಲ್ಲ. ಭಾರ ನೋಡಿದೆ, ಓಣಿ ಅಳೆದೆ, ತಂತಿ ನೋಡಿದೆ. ಇದರ ನೀರನ್ನು ಯಾರು ನೋಡಿಕೊಳ್ಳುತ್ತೀರಿ, ಅವರು ಊರಲ್ಲಿಲ್ಲದಾಗ ಯಾರು ಎಂದು ಕೇಳಲಿಲ್ಲ. ಅದು ಎಂಜಿನಿಯರ್ ಕೇಳುವ ಪ್ರಶ್ನೆಯಲ್ಲ ಎಂದು ನಾನು ಅಂದುಕೊಂಡಿದ್ದೆ. ಈಗ ಯಾರಾದರೂ ಇಂಥ ಕೆಲಸಕ್ಕೆ ಕರೆದರೆ ಟೇಪು ಹೊರತೆಗೆಯುವ ಮೊದಲೇ ಅದನ್ನು ಕೇಳುತ್ತೇನೆ, ಹೆಸರು ಸಿಗುವವರೆಗೂ ಬಿಡುವುದಿಲ್ಲ.

ಎರಡು ವರ್ಷದ ನಂತರ

ಕಳೆದ ತಿಂಗಳು ಮತ್ತೆ ಹೋಗಿದ್ದೆ. ಮಕ್ಕಳಿಗೆ ಟಬ್ ಹಳತಾಗಿದೆ, ತಿಂಗಳಿಗೊಮ್ಮೆ ಇಳಿದರೆ ಹೆಚ್ಚು. ದಂಪತಿ ವಾರಕ್ಕೆರಡು ದಿನ. ಅಜ್ಜಿ ಮಾತ್ರ ಒಂದು ದಿನವೂ ತಪ್ಪಿಸುವುದಿಲ್ಲ. ಬಳಸುವವರು ಕಡಿಮೆಯಾದ್ದರಿಂದ ನೀರು ಬದಲಿಸುವ ಗಡುವು ಐವತ್ತು ದಿನಕ್ಕೆ ಬಂದಿದೆ. ಖಾಲಿ ಮಾಡುವ ಮೊದಲು ಮುಚ್ಚಳ ತೆಗೆದು ಕ್ಲೋರಿನ್ ಪೂರ್ತಿ ಇಳಿಯುವವರೆಗೆ ಬಿಟ್ಟು, ಆಮೇಲೆ ಹೊರಬಿಡುತ್ತಾರೆ.

ಮುಚ್ಚಳ ಎತ್ತಲು ಹೋದ ನನಗೆ ಅದು ಮೊದಲಿಗಿಂತ ಭಾರ ಎನಿಸಿತು. ಒಳಗಿನ ಫೋಮ್ ತೇವ ಹೀರಿಕೊಂಡಿದೆ. ತೇವ ಕುಡಿದ ಫೋಮ್ ಶಾಖ ಹಿಡಿದಿಡುವುದಿಲ್ಲ, ಬದಲಿಸಬೇಕು ಎಂದೆ. "ಗೊತ್ತು, ಹೋದ ವಾರವೇ ಬರೆದಿಟ್ಟಿದ್ದೇನೆ" ಎಂದು ಅಜ್ಜಿ ಕಟ್ಟೆಯ ಪಕ್ಕದ ಗೂಡಿನಿಂದ ಒಂದು ನೋಟುಪುಸ್ತಕ ತೆಗೆದು ಕೊಟ್ಟರು. ತಾರೀಖು, ಪಿಎಚ್, ಕ್ಲೋರಿನ್, ಎಷ್ಟು ಡಿಗ್ರಿ, ಯಾರು ಇಳಿದರು, ಎಲ್ಲವೂ ನೇರವಾದ ಅಂಕಣಗಳಲ್ಲಿ. ಒಂದೂವರೆ ವರ್ಷದಿಂದ ಪರೀಕ್ಷಾ ಪಟ್ಟಿ ಅದ್ದುತ್ತಿರುವವರು ಅವರೇ. ಪಟ್ಟಿಯ ಬಣ್ಣ ಸರಿಯಾಗಿ ಕಾಣದ ದಿನ ಮೊಮ್ಮಗನನ್ನು ಕರೆದು ತೋರಿಸುತ್ತಾರಂತೆ. ಆ ಸಾಲುಗಳ ಮುಂದೆ ಅವನ ಹೆಸರಿನ ಮೊದಲ ಅಕ್ಷರವಿದೆ.